ನಾಲ್ಕೂ ಬೋರ್ಡುಗಳು ಶೇ. 100, ಕೆಲಸ ಮಾತ್ರ ನಿಧಾನ: ಮನೆ ಕ್ಲಸ್ಟರ್‌ಗೆ ಮಾನಿಟರಿಂಗ್

ಹಲವು ಕಂಪ್ಯೂಟರುಗಳನ್ನು ಒಂದೇ ಯಂತ್ರದಂತೆ ದುಡಿಸುವ ನನ್ನ ಮನೆ ಕ್ಲಸ್ಟರ್ ಈಗ ಇರುವುದು ಹೀಗೆ: ನಾಲ್ಕು ರಾಸ್ಪ್‌ಬೆರಿ ಪೈ 4 ಬೋರ್ಡುಗಳು (ಅಂಗೈಯಗಲದ ಪುಟ್ಟ ಕಂಪ್ಯೂಟರುಗಳು), ಒಂದು ಗಿಗಾಬಿಟ್ ಸ್ವಿಚ್, ಮೊದಲ ಬೋರ್ಡಿಗೆ ಅಂಟಿಕೊಂಡ ಎಸ್‌ಎಸ್‌ಡಿ. ಹೋಮ್ ಡೈರೆಕ್ಟರಿಯನ್ನು ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಕಡತ ವ್ಯವಸ್ಥೆ ಎಲ್ಲ ಬೋರ್ಡುಗಳಿಗೂ ಹಂಚುತ್ತದೆ, ಲೆಕ್ಕಗಳು ಬೋರ್ಡುಗಳ ನಡುವೆ ಸಂದೇಶ ಸಾಗಿಸುವ ಓಪನ್ ಎಂಪಿಐ ಮೇಲೆ ಓಡುತ್ತವೆ. ಮಾನಿಟರಿಂಗ್ ಬೇಕೆನಿಸಲು ಕಾರಣ, ಲೆಕ್ಕದ ವೇಗ ಅಳೆಯುವ ಲಿನ್‌ಪ್ಯಾಕ್ ಪರೀಕ್ಷೆ. ಬೆಳಿಗ್ಗೆ ಬರುವ ಅಂಕಿ ಮಧ್ಯಾಹ್ನ ಬರುವುದಿಲ್ಲ, ಬಹಳ ಕುಸಿದಿರುತ್ತದೆ. ಓಡುತ್ತಿರುವ ಪ್ರಕ್ರಿಯೆಗಳನ್ನು ತೋರಿಸುವ ಟಾಪ್ ತೆರೆದು ನೋಡಿದರೆ ಎರಡೂ ಹೊತ್ತಿನಲ್ಲಿ ನಾಲ್ಕೂ ಬೋರ್ಡುಗಳ ಸಿಪಿಯು ಬಳಕೆ ಶೇ. 100.

ಮೊದಲು ಮನಸ್ಸು ಹೋದದ್ದು ಗ್ಯಾಂಗ್ಲಿಯಾ ಕಡೆಗೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕ್ಲಸ್ಟರ್‌ಗಳಿಗೆಂದೇ ಹುಟ್ಟಿದ ತಂತ್ರಾಂಶ ಅದು. ಆದರೆ ಅದು ನೆಚ್ಚಿಕೊಂಡಿರುವ ಆರ್‌ಆರ್‌ಡಿ ಕಡತಗಳು ಹಳೆಯ ಅಂಕಿಗಳನ್ನು ಸರಾಸರಿ ಮಾಡಿ ಕುಗ್ಗಿಸುತ್ತಾ ಹೋಗುತ್ತವೆ. ನಾನು ಹುಡುಕುತ್ತಿರುವುದೋ ಸರಾಸರಿಯೊಳಗೆ ಮುಚ್ಚಿಹೋಗುವಂಥ ಸಂಗತಿ. ಆದ್ದರಿಂದ ಪ್ರೊಮಿಥಿಯಸ್ ಎಂಬ ಮಾನಿಟರಿಂಗ್ ತಂತ್ರಾಂಶ ಹಾಕಿದೆ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಆರಂಭವಾದ ಇದು ಅಂಕಿಗಳು ಬರಲಿ ಎಂದು ಕಾಯುವುದಿಲ್ಲ. ತಾನೇ ಪ್ರತಿ ಬೋರ್ಡಿನ ಬಾಗಿಲಿಗೆ ಹೋಗಿ ಕೇಳಿಕೊಂಡು ಬರುತ್ತದೆ. ನಮ್ಮ ಕಲಬುರಗಿಯ ಕರೆಂಟಿಗೆ ಇದು ಹೇಳಿ ಮಾಡಿಸಿದ ಪದ್ಧತಿ. ಪೈ 4ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದಾಗ, ನೆಟ್‌ವರ್ಕಿನಿಂದ ಸಮಯ ಸಿಗುವವರೆಗೆ ಬೋರ್ಡು ಹಳೆಯ ಹೊತ್ತಿನಲ್ಲೇ ಇರುತ್ತದೆ. ಪ್ರೊಮಿಥಿಯಸ್ ಹಾಕುವ ಸಮಯದ ಮುದ್ರೆ ಸಂಗ್ರಹಿಸುವ ಯಂತ್ರದ್ದಾದ್ದರಿಂದ, ಆ ಒಂದು ಗಡಿಯಾರ ಸರಿಯಿದ್ದರೆ ಸಾಕು.

ಪ್ರತಿ ಬೋರ್ಡಿನಲ್ಲಿ 9100ನೇ ಪೋರ್ಟಿನಲ್ಲಿ ಆ ಬೋರ್ಡಿನ ಅಂಕಿಗಳನ್ನು ಒದಗಿಸುವ ನೋಡ್ ಎಕ್ಸ್‌ಪೋರ್ಟರ್, ಮೊದಲ ಬೋರ್ಡಿನಲ್ಲಿ ಪ್ರೊಮಿಥಿಯಸ್ ಮತ್ತು ಗ್ರಾಫ್ ಬಿಡಿಸುವ ಗ್ರಫಾನಾ. ಸ್ಥಾಪನೆಯ ವಿವರಗಳು ಎಲ್ಲೆಡೆ ಸಿಗುತ್ತವೆ, ಬಿಡಿ. ಜಾಗದ ಲೆಕ್ಕ ಮಾತ್ರ ಹೇಳುತ್ತೇನೆ: ಬೋರ್ಡಿಗೆ ಸುಮಾರು ಸಾವಿರ ಸರಣಿಗಳು (ಒಂದೊಂದು ಅಳತೆಗೆ ಒಂದು), 15 ಸೆಕೆಂಡಿಗೊಮ್ಮೆ ಸಂಗ್ರಹ ಎಂದಿಟ್ಟುಕೊಂಡರೆ ನಾಲ್ಕೂ ಸೇರಿ ದಿನಕ್ಕೆ 2.3 ಕೋಟಿ ಮಾದರಿಗಳಾಗುತ್ತವೆ. ಒಂದೊಂದಕ್ಕೂ ಒಂದೆರಡು ಬೈಟ್ ಹಿಡಿಯುವುದರಿಂದ ದಿನಕ್ಕೆ 50 ಎಂಬಿ ದಾಟುವುದಿಲ್ಲ. ಆದರೂ ಎಸ್‌ಡಿ ಕಾರ್ಡಿನ ಮೇಲೆ ಇದನ್ನು ಬರೆಸಬೇಡಿ. ಕಾರ್ಡ್ ಸವೆಯುವುದು ಗಾತ್ರದಿಂದಲ್ಲ, ಬಿಡುವಿಲ್ಲದ ಬರವಣಿಗೆಯಿಂದ.

ಗ್ರಫಾನಾದ ಸಿದ್ಧ ಫಲಕ ಹಾಕಿಕೊಂಡಾಗ ಪರದೆ ತುಂಬ ಬಣ್ಣ ಬಂತು, ಉತ್ತರ ಬರಲಿಲ್ಲ. ಸಿಪಿಯು ಗೆರೆಗಳು ನಾಲ್ಕೂ ಒಂದರ ಮೇಲೊಂದು, ನೆತ್ತಿಗೆ ಅಂಟಿಕೊಂಡಿವೆ. ಇದರ ಗುಟ್ಟು ಓಪನ್ ಎಂಪಿಐ ಕಾಯುವ ರೀತಿಯಲ್ಲಿದೆ. ಸಂದೇಶ ಬಂದಿಲ್ಲವೆಂದು ಪ್ರಕ್ರಿಯೆ ಮಲಗುವುದಿಲ್ಲ. ಬಂತೇ, ಬಂತೇ ಎಂದು ಬಿಡದೆ ಕೇಳುತ್ತಲೇ ಇರುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನ ಕಣ್ಣಿಗೆ ಅದೂ ದುಡಿಮೆಯೇ. ಒಂದು ಬೋರ್ಡು ಕುಂಟುತ್ತಿದ್ದರೆ ಉಳಿದ ಮೂರೂ ಅದಕ್ಕಾಗಿ ಕಾಯುತ್ತಾ ಶೇ. 100 ತೋರಿಸುತ್ತವೆ, ಕುಂಟುವುದೂ ಶೇ. 100 ತೋರಿಸುತ್ತದೆ.

ಚಿಪ್ಪಿನ ಗಡಿಯಾರದ ವೇಗ (ಕ್ಲಾಕ್ ಸ್ಪೀಡ್) ನೋಡೋಣವೆಂದರೆ ಅಲ್ಲೂ ಒಂದು ತೊಡಕು. ನೋಡ್ ಎಕ್ಸ್‌ಪೋರ್ಟರ್ ಕೊಡುವ ಸ್ಕೇಲಿಂಗ್ ಆವರ್ತನ ಬಹುತೇಕ ಯಂತ್ರಗಳಲ್ಲಿ ಕರ್ನೆಲ್ ಕೇಳಿದ ವೇಗ, ಚಿಪ್ ಕೊಟ್ಟ ವೇಗವಲ್ಲ. ಅದು ನಾಲ್ಕು ಬೋರ್ಡುಗಳಿಗೂ 1.5 ಗಿಗಾಹರ್ಟ್ಸ್ ಎಂದೇ ಹೇಳುತ್ತಿತ್ತು. ನಿಜವಾದ ವೇಗವನ್ನು ಪೈಯ ಫರ್ಮ್‌ವೇರನ್ನೇ (ಬೋರ್ಡಿನಲ್ಲೇ ಕೂತಿರುವ ತಂತ್ರಾಂಶ) ಕೇಳಬೇಕು. ಅದಕ್ಕೊಂದು ಪುಟ್ಟ ಸ್ಕ್ರಿಪ್ಟ್ ಬರೆದೆ: ಫರ್ಮ್‌ವೇರ್‌ನಿಂದ ವೇಗ, ಉಷ್ಣಾಂಶ ಮತ್ತು ಥ್ರಾಟಲ್ (ವೇಗ ತಗ್ಗಿಸುವಿಕೆ) ಸಂಕೇತ ಪಡೆದು ಒಂದು ಪಠ್ಯ ಕಡತಕ್ಕೆ ಬರೆಯುತ್ತದೆ, ನೋಡ್ ಎಕ್ಸ್‌ಪೋರ್ಟರ್‌ನ ಟೆಕ್ಸ್ಟ್‌ಫೈಲ್ ಸಂಗ್ರಾಹಕ ಅದನ್ನು ಓದುತ್ತದೆ. ನೇರವಾಗಿ ಆ ಕಡತಕ್ಕೇ ಬರೆಯಬಾರದು. ಬೇರೆ ಹೆಸರಿನಲ್ಲಿ ಬರೆದು ಮುಗಿಸಿ ನಂತರ ಹೆಸರು ಬದಲಿಸಿದರೆ ಅರ್ಧ ಬರೆದ ಕಡತ ಓದುಗನ ಕೈಗೆ ಸಿಗುವುದಿಲ್ಲ. ಸ್ಕ್ರಿಪ್ಟುಗಳನ್ನು ಹೊತ್ತು ಹೊತ್ತಿಗೆ ಓಡಿಸುವ ಕ್ರಾನ್ ನಿಮಿಷಕ್ಕಿಂತ ಕೆಳಗೆ ಇಳಿಯದ ಕಾರಣ ಸಿಸ್ಟಂಡಿ ಟೈಮರ್ ಬಳಸಿದ್ದೇನೆ.

ಥ್ರಾಟಲ್ ಸಂಕೇತ ಬಲು ಉಪಯೋಗಿ. ಸೊನ್ನೆ ಬಂದರೆ ಎಲ್ಲ ಕ್ಷೇಮ. ಬಿಟ್ 0 ಹೊತ್ತಿದ್ದರೆ ಈ ಕ್ಷಣ ವೋಲ್ಟೇಜ್ ಕಡಿಮೆ, ಬಿಟ್ 2 ಹೊತ್ತಿದ್ದರೆ ಈ ಕ್ಷಣ ವೇಗ ತಗ್ಗಿಸಲಾಗಿದೆ. 16 ಮತ್ತು 18ನೇ ಬಿಟ್‌ಗಳು ಇವೇ ಸಂಗತಿಗಳು ಬೂಟ್ ಆದ ಮೇಲೆ ಒಮ್ಮೆಯಾದರೂ ನಡೆದಿವೆ ಎನ್ನುತ್ತವೆ. ಹೊಸ ಗ್ರಾಫಿನಲ್ಲಿ ಮಧ್ಯಾಹ್ನದ ಓಟ ನೋಡಿದಾಗ ಎರಡು ಬೇರೆ ರೋಗಗಳು ಕಂಡವು. ಬೋರ್ಡುಗಳನ್ನು ಒಂದರ ಮೇಲೊಂದು ಜೋಡಿಸಿದ್ದ ಅಟ್ಟಣಿಗೆಯಲ್ಲಿ ಎಲ್ಲಕ್ಕಿಂತ ಮೇಲಿನದು, ಕೆಳಗಿನ ಮೂರರ ಬಿಸಿಯನ್ನೂ ಕುಡಿದು, 80 ಡಿಗ್ರಿ ಮುಟ್ಟಿ ವೇಗ ಇಳಿಸುತ್ತಿತ್ತು. ಹೊರಗೇ 40 ದಾಟುವ ಊರಿನಲ್ಲಿ ಅದನ್ನು ದೂರುವಂತಿಲ್ಲ. ಎರಡನೆಯ ಬೋರ್ಡು ತಣ್ಣಗೇ ಇತ್ತು, ಆದರೆ ಲೆಕ್ಕ ಬಿರುಸಾದಾಗಲೆಲ್ಲ ವೋಲ್ಟೇಜ್ ಬಿಟ್ ಹೊತ್ತಿಕೊಳ್ಳುತ್ತಿತ್ತು. ಸಪೂರ ಯುಎಸ್‌ಬಿ ಕೇಬಲ್ ಬದಲಿಸಿದ ಮೇಲೆ ಅದು ನಿಂತಿತು. ಅಟ್ಟಣಿಗೆಯನ್ನು ಅಡ್ಡ ಮಲಗಿಸಿ ಪಕ್ಕಕ್ಕೊಂದು ಫ್ಯಾನ್ ಇಟ್ಟಿದ್ದೇನೆ. ನಡುಮಧ್ಯಾಹ್ನದ ಅಂಕಿ ಈಗ ಬೆಳಗಿನದಕ್ಕೆ ಸಮೀಪ ಬಂದಿದೆ, ಪೂರ್ತಿ ಸಮವಾಗಿಲ್ಲ.

ಕ್ಲಸ್ಟರ್ ಫಲಕದಿಂದ ಸರಾಸರಿಗಳನ್ನೆಲ್ಲ ತೆಗೆದು ಹಾಕಿದೆ. ನಾಲ್ಕರಲ್ಲಿ ಅತಿ ಕಡಿಮೆ ವೇಗ, ಅತಿ ಹೆಚ್ಚು ಉಷ್ಣಾಂಶ, ಇವೆರಡೇ ಮೇಲಿವೆ. ಸರದಿಯಲ್ಲಿರುವ ಪ್ರಕ್ರಿಯೆಗಳನ್ನು ಎಣಿಸುವ ಲೋಡ್ ಆವರೇಜ್‌ಗೂ ಮೂಲೆ ತೋರಿಸಿದ್ದೇನೆ. ಲಿನಕ್ಸ್ ಅದರಲ್ಲಿ ಡಿಸ್ಕಿಗಾಗಿ ಸಿಕ್ಕಿಬಿದ್ದ ಪ್ರಕ್ರಿಯೆಗಳನ್ನೂ ಎಣಿಸುತ್ತದೆ. ಎನ್‌ಎಫ್‌ಎಸ್ ತಡವರಿಸಿದರೆ ಸಿಪಿಯು ಸುಮ್ಮನಿದ್ದರೂ ಲೋಡ್ ಏರುತ್ತದೆ.

ಮಾನಿಟರಿಂಗ್ ಕೂಡ ಪುಕ್ಕಟೆಯಲ್ಲ. ಲಾಸ್ ಅಲಾಮೋಸ್ ಪ್ರಯೋಗಾಲಯದ ಎಎಸ್‌ಸಿಐ ಕ್ಯೂ ಸೂಪರ್‌ಕಂಪ್ಯೂಟರ್ ನಿರೀಕ್ಷೆಗಿಂತ ನಿಧಾನವಾಗಿದ್ದಾಗ, ಹಿನ್ನೆಲೆಯಲ್ಲಿ ಓಡುವ ಚಿಲ್ಲರೆ ಸಿಸ್ಟಂ ಕೆಲಸಗಳೇ ಕಾರಣವೆಂದು 2003ರಲ್ಲಿ ಅಲ್ಲಿನವರು ತೋರಿಸಿದರು. ನಾಲ್ಕು ಪ್ರೊಸೆಸರ್‌ಗಳ ನೋಡ್‌ನಲ್ಲಿ ಮೂರನ್ನೇ ಬಳಸಿದರೆ ವೇಗ ಹೆಚ್ಚುತ್ತಿತ್ತಂತೆ! ನನ್ನ ನಾಲ್ಕು ಬೋರ್ಡಿಗೆ ಅಷ್ಟು ಚಿಂತೆಯಿಲ್ಲವಾದರೂ, ಬೇಡದ ಸಂಗ್ರಾಹಕಗಳನ್ನು ನಿಲ್ಲಿಸಿದ್ದೇನೆ.

ಉಳಿದಿರುವುದು ಎಚ್ಚರಿಕೆಯ ಸಂದೇಶಗಳು. ಇನ್ವರ್ಟರ್‌ಗೆ ಬದಲಾಗುವ ಹೊತ್ತಿನಲ್ಲಿ ಒಂದೆರಡು ಮಾದರಿ ತಪ್ಪಿಹೋಗುವುದು ಸಾಮಾನ್ಯ, ಅದಕ್ಕೆಂದು ಐದು ನಿಮಿಷ ಕಾದು ನಂತರವೇ ಕೂಗುವಂತೆ ನಿಯಮ ಬರೆದಿದ್ದೇನೆ. ಆದರೆ ಕೂಗಬೇಕಾದ ಅಲರ್ಟ್‌ಮ್ಯಾನೇಜರ್ ಇರುವುದು ಮೊದಲ ಬೋರ್ಡಿನಲ್ಲೇ. ಅದೇ ಬಿದ್ದರೆ ಹೇಳುವವರಿಲ್ಲ. ಮನೆಯಲ್ಲಿರುವ ಹಳೆಯ ಫೋನಿಗೆ ಟರ್ಮಕ್ಸ್ (ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಆಜ್ಞೆಗಳನ್ನು ಓಡಿಸುವ ಆ್ಯಪ್) ಹಾಕಿ, ಮೊದಲ ಬೋರ್ಡು ಉತ್ತರಿಸದಿದ್ದರೆ ನನಗೆ ಎಸ್ಎಂಎಸ್ ಕಳಿಸುವಂತೆ ಮಾಡುವ ಯೋಚನೆ ಇದೆ. ಫೋನಿಗೆ ಬ್ಯಾಟರಿಯೂ ಸಿಮ್ಮೂ ಇರುವುದರಿಂದ, ಕರೆಂಟ್ ಹೋಗಿ ರೌಟರ್ ಸತ್ತಿದ್ದರೂ ಸುದ್ದಿ ತಲುಪೀತು.