ಕೊಡೈಕೆನಾಲ್ ಕೆರೆ ಸುತ್ತ ಡಬಲ್ ಸೈಕಲ್: ಮನೆಮಂದಿ ಜೊತೆ ಹೋಗುವವರಿಗೆ

ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಬೆಂಗಳೂರಿನಿಂದ ಒಂದು ಖಾಸಗಿ ಸ್ಲೀಪರ್ ಬಸ್ಸಿಗೆ ಆರು ಟಿಕೆಟ್ ಮಾಡಿಸಿದ್ದೆವು. ಟಿಕೆಟ್ಟಿನಲ್ಲಿ ಕೊಡೈಕೆನಾಲ್ ಅಂತಲೇ ಇತ್ತು. ಬೆಳಗಿನ ಜಾವ ಐದು ಗಂಟೆಗೆ ಬಟ್ಲಗುಂಡುವಿನಲ್ಲಿ ನಿಲ್ಲಿಸಿ, ಬಸ್ಸು ಮೇಲಕ್ಕೆ ಹೋಗಲ್ಲ, ಇಲ್ಲೇ ಇಳೀರಿ ಅಂದರು. ಅಲ್ಲಿಂದ ಕೊಡೈ ಇನ್ನೂ ಸುಮಾರು 50 ಕಿ.ಮೀ. ಘಾಟಿ. ಕತ್ತಲಲ್ಲಿ ಅಮ್ಮ, ಹತ್ತು ವರ್ಷದ ಮಗ, ನಾಲ್ಕು ಬ್ಯಾಗು. ಸರಿಯಾಗಿ ಅಲ್ಲೇ ಕಾಯುತ್ತಿದ್ದ ವ್ಯಾನಿನವನು ಮೂರು ಸಾವಿರ ಕೇಳಿದ. ಅದು ಕಾಕತಾಳೀಯ ಅಂತ ನಾನು ನಂಬುವುದಿಲ್ಲ.

ನಾವು ವ್ಯಾನ್ ಹತ್ತಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು, ತಮಿಳುನಾಡು ಸರ್ಕಾರಿ ಬಸ್ಸಿಗೆ ಕಾದೆವು. ಆರು ಜನಕ್ಕೂ ಸೀಟು ಸಿಕ್ಕಿತು. ಕಿಟಕಿ ತೆಗೆದಿಟ್ಟರೆ ತಣ್ಣನೆ ಗಾಳಿ, ತಿರುವು ತಿರುವಿಗೂ ಹಾರ್ನು, ಬೆಟ್ಟದ ಪಕ್ಕದಲ್ಲಿ ನಿಧಾನಕ್ಕೆ ಬೆಳಕಾಗುತ್ತಿತ್ತು. ಇಡೀ ಪ್ರಯಾಣದಲ್ಲಿ ಚೆನ್ನಾಗಿದ್ದದ್ದು ಆ ಎರಡೂವರೆ ಗಂಟೆಯೇ. ನೀವು ಟಿಕೆಟ್ ಮಾಡಿಸುವಾಗ 'ಕೊನೆಯ ಸ್ಟಾಪ್ ಎಲ್ಲಿ' ಅಂತ ಫೋನ್ ಮಾಡಿ ಕೇಳಿ, ಬಾಯಲ್ಲಿ ಹೇಳಿಸಿಕೊಳ್ಳಿ. ಸ್ವಂತ ಕಾರಲ್ಲಿ ಹೋಗುವವರು ಇ-ಪಾಸ್, ಅಂದರೆ ಗಾಡಿ ಮೇಲೆ ಬಿಡೋಕೆ ಆನ್‌ಲೈನಲ್ಲಿ ತಗೊಳ್ಳುವ ಚೀಟಿ, ಮರೆಯಬೇಡಿ. 2024ರ ಮೇ 7ರಿಂದ ಹೈಕೋರ್ಟ್ ಆದೇಶದ ಮೇಲೆ ಅದು ಬಂದಿದೆ. ಸರ್ಕಾರಿ ಬಸ್ಸಲ್ಲಿ ಹೋಗುವವರಿಗೆ ಆ ರಗಳೆ ಇಲ್ಲ.

ಇನ್ನು ಹೋದ ಕೆಲಸಕ್ಕೆ ಬರುತ್ತೇನೆ. ನಾವು ಹೋದದ್ದೇ ಡಬಲ್ ಸೈಕಲ್ ತುಳಿಯೋಕೆ. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಡಬಲ್ಸ್ ಹೋಗುವುದಲ್ಲ ಇದು. ಒಂದೇ ಸೈಕಲ್ಲಿಗೆ ಎರಡು ಸೀಟು, ಎರಡು ಜೊತೆ ಪೆಡಲು, ಟ್ಯಾಂಡಮ್ ಅಂತಾರಲ್ಲ, ಅದು. ನನ್ನ ಅಮ್ಮನಿಗೆ 64 ವರ್ಷ, ಜೀವನದಲ್ಲಿ ಸೈಕಲ್ ಮುಟ್ಟಿಲ್ಲ. ತಿಪಟೂರಿನ ಹತ್ತಿರ ಅವಳ ಊರು. ಮಾವಂದಿರಿಬ್ಬರೂ ಅಜ್ಜನ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದು ಕಲಿತರು. ಅಮ್ಮ ಕೇಳಿದರೆ ಹೆಣ್ಣುಮಕ್ಕಳಿಗ್ಯಾಕೆ ಅಂದರಂತೆ. ಅದನ್ನು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಹಿಂದಿನ ಸೀಟಲ್ಲಿ ಕೂತವರಿಗೆ ಬ್ಯಾಲೆನ್ಸೂ ಬರಬೇಕಿಲ್ಲ, ತಿರುಗಿಸೋದೂ ಇಲ್ಲ, ಬರೀ ತುಳಿದರೆ ಸಾಕು ಅಂತ ಗೊತ್ತಾದ ದಿನವೇ ನಾನು ತೀರ್ಮಾನ ಮಾಡಿದ್ದೆ.

ಕೊಡೈ ಕೆರೆ 1863ರಲ್ಲಿ ಕಟ್ಟಿಸಿದ್ದು. ಆಗ ಮದುರೆಯ ಕಲೆಕ್ಟರ್ ಆಗಿದ್ದ ಲೆವಿಂಜ್ ಅನ್ನುವವರು ಕಟ್ಟಿಸಿದರು. ನಕ್ಷತ್ರದ ಹಾಗೆ ಮೂಲೆಮೂಲೆಗೆ ಚಾಚಿಕೊಂಡಿರೋದರಿಂದ ಸುತ್ತಲಿನ ರಸ್ತೆಯೂ ಒಳಗೆ ಹೊರಗೆ ಬಳುಕುತ್ತದೆ. ಒಂದು ಸುತ್ತು ಸುಮಾರು 5 ಕಿ.ಮೀ. ಹೆಚ್ಚುಕಮ್ಮಿ ಸಮತಟ್ಟು. ಆದರೆ ಊರು 2,100 ಮೀಟರ್ ಎತ್ತರದಲ್ಲಿದೆ, ಸಣ್ಣ ಏರಿಗೂ ಏದುಸಿರು ಬರುತ್ತದೆ. ವಯಸ್ಸಾದವರನ್ನು ಬಂದ ದಿನವೇ ಹತ್ತಿಸಬೇಡಿ.

ಬಾಡಿಗೆ ಸೈಕಲ್ಲಿನವರು ಕೆರೆ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿಕೊಂಡಿರುತ್ತಾರೆ. ಮೊದಲನೇ ದಿನ ಬೋಟ್ ಹೌಸ್ ಹತ್ತಿರ ಒಬ್ಬನ ಬಳಿ ಮೂರು ಡಬಲ್ ತಗೊಂಡೆವು. ಗಂಟೆಗೆ 300 ಹೇಳಿದ, 250ಕ್ಕೆ ಇಳಿದ. ಒಂದು ಗಂಟೆ ಹತ್ತು ನಿಮಿಷಕ್ಕೆ ವಾಪಸ್ ಬಂದರೆ ಎರಡು ಗಂಟೆ ಲೆಕ್ಕ ಹಾಕಿದ. ಅದೂ ಹೋಗಲಿ, ಒಂದರ ಮಡ್ಗಾರ್ಡ್ ಬಗ್ಗಿದೆ ಅಂತ ಇನ್ನೂ 500 ಕೇಳಿದ. ಅದು ಮೊದಲೇ ಬಗ್ಗಿತ್ತು, ಬಗ್ಗಿದ ಜಾಗದಲ್ಲಿ ತುಕ್ಕು ಹಿಡಿದಿತ್ತು. ತಂಗಿ ಹೊರಡುವಾಗ ಸುಮ್ನೆ ತೆಗೆದಿದ್ದ ಒಂದು ಫೋಟೋದಲ್ಲಿ ಆ ತುಕ್ಕು ಚೆನ್ನಾಗಿ ಕಾಣುತ್ತಿತ್ತು. ತೋರಿಸಿದ ಮೇಲೆ ಬಿಟ್ಟ. ಹಾಗಾಗಿ ಹತ್ತುವ ಮುಂಚೆ ಸೈಕಲ್ಲಿನ ಫೋಟೋ ತೆಗೆಯಿರಿ, ಹೊರಟ ಟೈಮು ಅವರ ಎದುರಿಗೇ ಬರೆಸಿ, ಹತ್ತು ನಿಮಿಷ ಜಾಸ್ತಿಯಾದರೆ ಎಷ್ಟು ಅಂತ ಮೊದಲೇ ಕೇಳಿ.

ಬ್ರೇಕು ಎರಡೂ ಹಿಡಿದು ನೋಡಿ. ಇಬ್ಬರ ಭಾರ, ಉದ್ದದ ಸೈಕಲ್ಲು, ಒಂದು ಬ್ರೇಕಲ್ಲಿ ನಿಲ್ಲುವುದಿಲ್ಲ. ಚೈನು ಎರಡು ಇರುತ್ತವೆ, ಎರಡೂ ಜೋತಾಡಬಾರದು. ಹಿಂದಿನ ಹ್ಯಾಂಡಲ್ ತಿರುಗುವುದಿಲ್ಲ, ಹಿಡಿದುಕೊಳ್ಳೋಕೆ ಮಾತ್ರ, ಅದು ಅಲ್ಲಾಡಿದರೆ ಬೇರೆ ಸೈಕಲ್ ಕೇಳಿ. ಮಗ ಹಿಂದೆ ಕೂತು ಕಾಲು ಎಟುಕಿಸಲು ಒದ್ದಾಡಿದ. ಮುಂದಿನವರು ತುಳಿದರೆ ಹಿಂದಿನ ಪೆಡಲೂ ತಿರುಗುತ್ತಲೇ ಇರುತ್ತದೆ, ಎಟುಕದ ಮಕ್ಕಳಿಗೆ ಮೊಣಕಾಲಿನ ಕೆಳಗೆ ಬಡಿಯುತ್ತದೆ. ಸೀಟು ಇಳಿಸಿಕೊಟ್ಟ ಮೇಲೇ ಸರಿಹೋಯಿತು.

ಸೀರೆ ಬೇಡ. ಅಮ್ಮ ಕಚ್ಚೆ ಹಾಕಿದ ಹಾಗೆ ಮೇಲಕ್ಕೆ ಸಿಕ್ಕಿಸಿಕೊಂಡು ಹತ್ತಿದಳು, ನಾನೂ ಒಪ್ಪಿಬಿಟ್ಟೆ. ಐವತ್ತು ಅಡಿ ಹೋಗುವಷ್ಟರಲ್ಲಿ ಅಂಚು ಚೈನಿಗೆ ಹತ್ತಿಕೊಂಡಿತು. ಪುಣ್ಯಕ್ಕೆ ನಿಧಾನಕ್ಕಿದ್ದೆವು. ನಾನು ರಸ್ತೆಯಲ್ಲೇ ಕೂತು ಪೆಡಲನ್ನು ಹಿಂದಕ್ಕೆ ತಿರುಗಿಸಿ ಒಂದೊಂದೇ ಹಲ್ಲಿನಿಂದ ಸೀರೆ ಬಿಡಿಸಿದೆ. ಹಸಿರು ಅಂಚಿನ ಮೇಲೆ ಕಪ್ಪು ಗ್ರೀಸಿನ ಚುಕ್ಕಿಗಳು ಸಾಲಾಗಿ ಬಿದ್ದಿದ್ದವು. ರೂಮಿಗೆ ಹೋಗಿ ತಂಗಿಯ ಚೂಡಿದಾರ ಹಾಕಿಸಿಕೊಂಡು ಬಂದೆವು.

ಹೊರಡುವ ಕ್ರಮ ಹೀಗೆ. ಮುಂದಿನವರು ಎರಡೂ ಕಾಲು ನೆಲಕ್ಕೆ ಊರಿ, ಬ್ರೇಕ್ ಹಿಡಿದು ನಿಲ್ಲಬೇಕು. ಹಿಂದಿನವರು ಹತ್ತಿ ಪೂರ್ತಿ ಕೂರಬೇಕು. ಆಮೇಲೆ ಇಬ್ಬರೂ ಒಂದೇ ಕಾಲಿಂದ, ಒಟ್ಟಿಗೆ, ಜೋರಾಗಿ ಒಂದು ತುಳಿತ. ಮುಂದೆ ಸೈಕಲ್ ಚೆನ್ನಾಗಿ ಬರುವವರೇ ಕೂರಬೇಕು, ಭಾರ ಜಾಸ್ತಿ ಇರುವವರಾದರೆ ಇನ್ನೂ ಒಳ್ಳೆಯದು. ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ, ಮುಂದೆ ಇರುವ ಬೆನ್ನೇ ಕಾಣೋದು. ಅದಕ್ಕೇ ಮಾತಾಡುತ್ತಲೇ ಇರಬೇಕು. 'ಅಮ್ಮಾ, ಹಂಪ್', 'ಅಮ್ಮಾ, ಎಡಕ್ಕೆ', 'ಈಗ ತುಳೀಬೇಡ'. ಮೊದಲೆರಡು ನಿಮಿಷ ಅಮ್ಮ ನನ್ನ ಜಾಕೆಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದ್ರೆ ಕುತ್ತಿಗೆ ಹಿಂದಕ್ಕೆ ಎಳೆಯುತ್ತಿತ್ತು. ಆಮೇಲೆ ಎಲ್ಲೋ ಒಂದು ತಿರುವಿನಲ್ಲಿ ಕೈ ಬಿಟ್ಟು ಹ್ಯಾಂಡಲ್ ಹಿಡಿದಳು. ನನಗೆ ಕಾಣಲಿಲ್ಲ, ಆದರೆ ಸೈಕಲ್ ಹಗುರಾಗಿದ್ದು ಕಾಲಿಗೆ ಗೊತ್ತಾಯಿತು. ಅವಳು ತುಳಿಯುತ್ತಿದ್ದಳು.

ನನಗೆ ಜನಜಂಗುಳಿ ಆಗುವುದಿಲ್ಲ. ಆದ್ದರಿಂದ ಬೋಟ್ ಹೌಸ್ ಸುತ್ತಮುತ್ತ ನನಗೆ ಒಂದಿಷ್ಟೂ ಇಷ್ಟವಾಗಲಿಲ್ಲ. ಕುದುರೆ, ಕಾರು, ಜೋಳ ಸುಡುವ ಗಾಡಿ, ಎಲ್ಲಾ ಅದೇ ರಸ್ತೆಯಲ್ಲಿ. ಅಲ್ಲಿ ಇಳಿದು ತಳ್ಳಿಕೊಂಡೇ ಹೋಗಿ, ಡಬಲ್ ಸೈಕಲ್ಲಿಗೆ ತಿರುಗಲು ಜಾಸ್ತಿ ಜಾಗ ಬೇಕು. ಕೆರೆಯ ಆಚೆ ಬದಿಗೆ ಹೋದರೆ ಮರದ ನೆರಳು, ನೀರಿನ ವಾಸನೆ, ಸದ್ದೇ ಇಲ್ಲ. ಶನಿವಾರ ಭಾನುವಾರ ಹೋಗಲೇಬೇಡಿ ಅಂತ ನಾನು ಹೇಳುತ್ತೇನೆ. ವಾರದ ಮಧ್ಯೆ, ಬೆಳಿಗ್ಗೆ ಎಂಟರೊಳಗೆ ಹೋಗಿ.

ರೂಮಿನ ಬಗ್ಗೆ ಒಂದೇ ಮಾತು. 'ಲೇಕ್ ವ್ಯೂ' ಅಂತ 4,500 ಕೊಟ್ಟೆವು. ಕೆರೆ ಕಂಡದ್ದು ತಾರಸಿಯ ನೀರಿನ ಟ್ಯಾಂಕ್ ಪಕ್ಕ ನಿಂತರೆ ಮಾತ್ರ. ಕಿಟಕಿಯಿಂದ ತೆಗೆದ ಫೋಟೋ ಕಳಿಸಿ ಅಂತ ಕೇಳದೆ ಹಣ ಹಾಕಬೇಡಿ.

ಊಟ ಮಾತ್ರ ನೆನೆಸಿಕೊಂಡರೆ ಈಗಲೂ ಖುಷಿ. ಬಸ್ ಸ್ಟ್ಯಾಂಡಿನಿಂದ ಕೆಳಗಿಳಿಯುವ ಓಣಿಯಲ್ಲಿ, ತಗಡಿನ ಮಾಡು, ನಾಲ್ಕೇ ಬೆಂಚು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ, ಬೋರ್ಡೂ ಇಲ್ಲ. ಖಾರದ ಪಣಿಯಾರಂ, ಅಂದರೆ ನಮ್ಮ ಗುಂಡುಪೊಂಗಲ, ತಟ್ಟೆಗೆ ಆರು, 40 ರೂಪಾಯಿ. ಹೊರಗೆ ಗರಿಗರಿ, ಮುರಿದರೆ ಒಳಗಿಂದ ಹಬೆ ಬರುತ್ತದೆ. ಜೊತೆಗೆ ಅಲ್ಲಿಯ ಬೆಟ್ಟದ ಬೆಳ್ಳುಳ್ಳಿಯ ಕೆಂಪು ಚಟ್ನಿ. ಈ ಕೊಡೈ ಬೆಳ್ಳುಳ್ಳಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ತಿಂದರೆ ಯಾಕೆ ಅಂತ ಗೊತ್ತಾಗುತ್ತದೆ. ಘಾಟು ಮೂಗಿಗೆ ಹತ್ತುತ್ತದೆ, ನಾಲಿಗೆ ಮೇಲೆ ತುಂಬಾ ಹೊತ್ತು ಉಳಿಯುತ್ತದೆ. ಮೇಲೆ ಒಂದು ಸುಕ್ಕು ಕಾಫಿ, ಅಂದರೆ ಒಣಶುಂಠಿ ಕಾಫಿ. ಆಯಮ್ಮ ಅಮ್ಮನನ್ನು ನೋಡಿ, ಮೊದಲ ತಟ್ಟೆ ಮುಗಿಯುವ ಮುಂಚೆಯೇ ಇನ್ನೆರಡು ಪಣಿಯಾರಂ ಹಾಕಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಮೂರು ದಿನವೂ ತಿಂಡಿ ಅಲ್ಲೇ. ಕೆರೆ ಎದುರಿನ ದೊಡ್ಡ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಕೊಟ್ಟ ಹಣದಲ್ಲಿ ಇಲ್ಲಿ ನಾಲ್ಕು ಜನ ತಿನ್ನಬಹುದು.

ಕೊನೆಯ ದಿನ ಬೆಳಿಗ್ಗೆ ಹೊರಡುವ ಗಡಿಬಿಡಿ ಇತ್ತು, ಸೈಕಲ್ ಬೇಡ ಅಂತಲೇ ಮಾತಾಗಿತ್ತು. ಐದೂವರೆಗೆ ನನಗೆ ಎಚ್ಚರವಾದಾಗ ಅಮ್ಮ ತಲೆ ಬಾಚಿಕೊಂಡು, ತಂಗಿಯ ಚೂಡಿದಾರ ಹಾಕಿಕೊಂಡು, ಮಂಚದ ತುದಿಯಲ್ಲಿ ಕೂತಿದ್ದಳು. ಕೈಯಲ್ಲಿ ಅವಳದೇ ಪರ್ಸು. 'ಅಂಗಡಿ ಎಷ್ಟೊತ್ತಿಗೆ ತೆಗೀತಾರೆ?' ಅಂದಳು.