ಅವಳನ್ನು ಕರ್ಕೊಂಡು ಊರೂರು ಸುತ್ತೋಕೆ ಭಯ ಆಗಲ್ವಾ?

ಮದುವೆ ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಫೋನಿನಲ್ಲಿ, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ‘ಅವಳು’ ಅಂದರೆ ನನ್ನ ಗೆಳತಿ. ಮೈಸೂರಿನಲ್ಲಿ ಒಂದೇ ಬೀದಿಯಲ್ಲಿ ಬೆಳೆದವರು ನಾವು, ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಈಗ ಇಬ್ಬರಿಗೂ 45. ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ 9 ವರ್ಷವಾಯಿತು. ವಾರಕ್ಕೆ 3 ದಿನ, ಪ್ರತಿ ಸಲ 4 ಗಂಟೆ ಡಯಾಲಿಸಿಸ್, ಅಂದರೆ ಕಿಡ್ನಿಯ ಬದಲು ಮೆಷಿನ್ನಿನಿಂದ ರಕ್ತ ಶುದ್ಧ ಮಾಡಿಸುವುದು. ಹೆಸರು ಮಾತ್ರ ಹಾಕಬೇಡ ಕಣೇ ಅಂದಿದ್ದಾಳೆ, ಹಾಕುವುದಿಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಭಯ ಆಗುತ್ತದೆ. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಈಗ ಗೊತ್ತು. ಕಲಿಯೋಕೆ ವರ್ಷಗಳೇ ಹಿಡಿದವು.

ಅವಳಿಗೆ 36 ಆಗಿದ್ದಾಗ ಶುರುವಾದದ್ದು. ತಲೆನೋವು, ಸುಸ್ತು, ಸಂಜೆಯಾದರೆ ಕಾಲು ಊತ. ಅವಳದು ಟೈಲರಿಂಗ್, ದಸರಾ ಮುಂದಿತ್ತು, ರವಿಕೆಗಳ ರಾಶಿ. ದಿನವಿಡೀ ಮೆಷಿನ್ ಮುಂದೆ ಕೂತಿದ್ದಕ್ಕೆ ಕಾಲು ಊದಿದೆ ಅಂದುಕೊಂಡಳು. ಬಿಪಿ ಯಾವಾಗ ಏರಿತ್ತೋ, ಯಾರೂ ನೋಡಿರಲಿಲ್ಲ. ಬಹುಪಾಲು ಹಾಳಾಗುವ ತನಕ ಕಿಡ್ನಿ ಸದ್ದೇ ಮಾಡುವುದಿಲ್ಲ. ಇದನ್ನು ಓದುತ್ತಿರುವವರು ದಯವಿಟ್ಟು ಒಂದು ಸಲ ಬಿಪಿ, ಶುಗರ್, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಅವಳು ಆಸ್ಪತ್ರೆ ಸೇರಿದ ಎರಡನೇ ದಿನ ನಾನು ಎಲ್ಲರ ಹಾಗೆಯೇ ಹೋದೆ. ಕೈಯಲ್ಲಿ ಎರಡು ಎಳನೀರು, ಒಂದು ಚಿಪ್ಪು ಏಲಕ್ಕಿ ಬಾಳೆ, ಕಿತ್ತಳೆ. ರೋಗಿಯನ್ನು ನೋಡೋಕೆ ಇನ್ನೇನು ಒಯ್ಯುತ್ತಾರೆ ಹೇಳಿ? ಸಿಸ್ಟರ್ ಚೀಲ ನೋಡಿ ಅಲ್ಲೇ ಇಸಿದುಕೊಂಡರು. ಅದರಲ್ಲೆಲ್ಲ ಪೊಟ್ಯಾಸಿಯಂ ಜಾಸ್ತಿ. ಆರೋಗ್ಯವಾಗಿರುವವರಲ್ಲಿ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಇವಳಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ನಾನು ಪ್ರೀತಿಯಿಂದ ಹೊತ್ತು ತಂದದ್ದೇ ಅವಳಿಗೆ ಅಪಾಯ. ಅವತ್ತು ವಾರ್ಡಿನ ಹೊರಗೆ ಕೂತು ಅತ್ತುಬಿಟ್ಟೆ.

ಆಮೇಲೆ ಕಲಿಯೋಕೆ ಶುರು ಮಾಡಿದೆ. ಅಡುಗೆಮನೆಯಿಂದಲೇ. ತರಕಾರಿ, ಸೊಪ್ಪನ್ನು ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಒಂದಷ್ಟು ನೀರಿಗೆ ಇಳಿಯುತ್ತದೆ. ನಮ್ಮ ಕಡೆಯವರಿಗೆ ತಟ್ಟನೆ ಅರ್ಥವಾಗುತ್ತದೆ. ಆ ಬಸಿದ ನೀರಲ್ಲೇ ಅಲ್ವಾ ನಾವು ಬಸ್ಸಾರು ಮಾಡುವುದು? ಬಸ್ಸಾರು ಮುದ್ದೆ ಅಂದರೆ ಚಿಕ್ಕಂದಿನಿಂದ ಅವಳಿಗೆ ಪ್ರಾಣ. ಈಗ ಅವಳ ಮನೆಯಲ್ಲಿ ಬಸ್ಸಾರು ಮಾಡಿದ ದಿನ ಸಾರು ನಮಗೆ, ಪಲ್ಯ ಅವಳಿಗೆ. ಅವಳ ಮುಂದೆ ಉಣ್ಣಲಾರದೆ ನಾನೊಮ್ಮೆ ತಟ್ಟೆ ತಗೊಂಡು ಹಿತ್ತಲಿಗೆ ಹೋಗಿದ್ದೆ. ಅವಳಿಗೆ ಎಷ್ಟು ಸಿಟ್ಟು ಬಂತು ಅಂದರೆ ಎರಡು ದಿನ ಮಾತಾಡಲಿಲ್ಲ. “ನೀನು ಇಲ್ಲೇ ಕೂತು ಉಣ್ಣು. ಘಮಕ್ಕೆ ಪಥ್ಯ ಇಲ್ಲ” ಅಂದಳು. ಅವಳೆದುರು ನಾನು ಏನನ್ನಾದರೂ ಬಚ್ಚಿಟ್ಟದ್ದು ಅದೇ ಕೊನೆ.

ನೀರಿನ ಲೆಕ್ಕ ಇನ್ನೂ ಕಷ್ಟ. ಮೂತ್ರ ಹೆಚ್ಚುಕಮ್ಮಿ ನಿಂತೇ ಹೋಗಿದೆ, ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಅವಳ ಡಾಕ್ಟರು ಹೇಳಿರುವುದು ದಿನಕ್ಕೆ 1 ಲೀಟರ್. ಕಾಫಿ, ಮಜ್ಜಿಗೆ, ಸಾರು, ಮಾತ್ರೆಗೆ ಕುಡಿಯುವ ಗುಟುಕು, ಎಲ್ಲ ಸೇರಿ. ಬೆಳಗ್ಗೆ ಒಂದು ಬಾಟಲಿಯಲ್ಲಿ ಅಷ್ಟು ನೀರು ತುಂಬಿಡುತ್ತಾಳೆ. ಒಂದು ಲೋಟ ಕಾಫಿ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ತುಳಸಿಗೆ ಸುರಿಯುತ್ತಾಳೆ. ಬಾಟಲಿಯಲ್ಲಿ ಉಳಿದದ್ದೇ ಅವತ್ತಿನ ಬಾಕಿ.

ಒಂದು ಬೇಸಿಗೆಯಲ್ಲಿ ಈ ಲೆಕ್ಕ ತಪ್ಪಿತು. ಭಾನುವಾರ ಗೃಹಪ್ರವೇಶ, ಸುಡು ಬಿಸಿಲು. ಪಾನಕ, ಮಜ್ಜಿಗೆ, ಮತ್ತೆ ಪಾನಕ. ಬೇಡ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ಸೋಮವಾರ ರಾತ್ರಿ 2 ಗಂಟೆಗೆ ಅವಳ ಗಂಡನ ಫೋನು. ಮಲಗಿದರೆ ಉಸಿರು ಕಟ್ಟುತ್ತಿದೆ, ಎದ್ದು ಕೂತರೆ ಮಾತ್ರ ಆಡುತ್ತಿದೆ. ಶ್ವಾಸಕೋಶದಲ್ಲಿ ನೀರು. ಮೈತೂಕ 4 ಕಿಲೋ ಏರಿತ್ತು. ಆ ರಾತ್ರಿ ಕಾರಿನಲ್ಲಿ ಅವಳನ್ನು ಒರಗಿಸಿಕೊಂಡು ಕೂತಿದ್ದು ನಾನು. ಅವಳ ಬೆನ್ನು ಏಳುವುದು ಬೀಳುವುದನ್ನು ಎಣಿಸುತ್ತಿದ್ದೆ. ಭಯ ಅಂದರೆ ಏನು ಅಂತ ನನ್ನನ್ನು ಕೇಳುವವರಿಗೆ ಆ ರಾತ್ರಿಯನ್ನು ಹೇಗೆ ತೋರಿಸಲಿ? ತುರ್ತು ಡಯಾಲಿಸಿಸ್ ಮಾಡಿ ನೀರು ತೆಗೆದರು. ಬೆಳಗ್ಗೆ ಹೊತ್ತಿಗೆ ಮಲಗಿ ನಿದ್ದೆ ಮಾಡಿದಳು.

ಅವಳ ದಿನಗಳು ಮಂಗಳವಾರ, ಗುರುವಾರ, ಶನಿವಾರ. ಹಾಗಾಗಿ ಭಾನುವಾರ, ಸೋಮವಾರ ಎರಡು ದಿನ ಸತತ ಬಿಡುವು. ಟ್ರಿಪ್ಪಿಗೆ ಅದೇ ಸರಿ ಅಂತ ಎಲ್ಲರೂ ಹೇಳುತ್ತಾರೆ. ಅದೇ ತಪ್ಪು. ಆ ಉದ್ದನೆಯ ಬಿಡುವಿನ ಕೊನೆಯಲ್ಲೇ ಮೈಯಲ್ಲಿ ನೀರು, ಪೊಟ್ಯಾಸಿಯಂ ಎಲ್ಲ ಜಾಸ್ತಿ ಇರುವುದು. ಡಯಾಲಿಸಿಸ್ ಮುಗಿದ ದಿನ ಸುಸ್ತು. ಅದರ ಮರುದಿನ ಮೈ ಹಗುರ. ಆ ಮರುದಿನವೇ ನಮ್ಮ ದಿನ.

ಹಂಪಿಗೆ ಹೋದದ್ದು ಹಾಗೆಯೇ. ಬುಧವಾರ ಸಂಜೆ ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು, ಗುರುವಾರ ಹೊಸಪೇಟೆಯಲ್ಲಿ ಡಯಾಲಿಸಿಸ್, ಶುಕ್ರವಾರ ಇಡೀ ದಿನ ಹಂಪಿ, ರಾತ್ರಿ ಮತ್ತೆ ರೈಲು, ಶನಿವಾರ ಮಧ್ಯಾಹ್ನದ ಶಿಫ್ಟಿಗೆ ಮೈಸೂರು. ಒಂದು ದಿನಕ್ಕೋಸ್ಕರ ಎರಡು ರಾತ್ರಿ ರೈಲಿನಲ್ಲಿ. ಹೊಸಪೇಟೆಯ ಕೇಂದ್ರಕ್ಕೆ ಮೂರು ವಾರ ಮುಂಚೆಯೇ ಫೋನ್ ಮಾಡಿ ಬೆಡ್ ಕೇಳಿದ್ದೆ. ಅವರು ಕೇಳಿದ್ದನ್ನೆಲ್ಲ ಕಳಿಸಿದೆ: ಹೊಸ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟು, ಕಳೆದ ಕೆಲವು ಸಲದ ಡಯಾಲಿಸಿಸ್ ಚೀಟಿ, ಡ್ರೈ ವೆಯ್ಟ್, ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಔಷಧಿ ಎಷ್ಟು ಕೊಡುತ್ತಾರೆ ಅನ್ನುವುದು. ಡ್ರೈ ವೆಯ್ಟ್ ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ. ಈ ಫೈಲು ಯಾವಾಗಲೂ ನನ್ನ ಬ್ಯಾಗಲ್ಲೇ ಇರುತ್ತದೆ.

ಎಡಗೈ ಅವಳೇ ನೋಡಿಕೊಳ್ಳುತ್ತಾಳೆ. ಅಲ್ಲಿ ರಕ್ತನಾಳಗಳೆರಡನ್ನು, ಅಪಧಮನಿ ಮತ್ತು ಅಭಿಧಮನಿಯನ್ನು, ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಸೂಜಿ ಚುಚ್ಚುವುದು ಅಲ್ಲೇ. ಆ ಕೈಯಲ್ಲಿ ಬಿಪಿ ನೋಡಬಾರದು, ಭಾರ ಎತ್ತಬಾರದು, ಅದರ ಮೇಲೆ ಮಲಗಬಾರದು. ಬಿಗಿ ಬಳೆ ಕೂಡ ಇಲ್ಲ. ಒಂದು ಕೈ ಬರಿದಾಗಿದೆಯಲ್ಲ ಅಂತ ಅತ್ತೆ, ಚಿಕ್ಕಮ್ಮಂದಿರು ಕೇಳುತ್ತಲೇ ಇರುತ್ತಾರೆ. ಬೆರಳಿಟ್ಟರೆ ಚರ್ಮದ ಕೆಳಗೆ ಜುಮ್ ಅನ್ನುತ್ತದೆ, ಬೆಕ್ಕು ಗುರುಗುಟ್ಟಿದ ಹಾಗೆ. ಅದು ನಿಂತರೆ ಫಿಸ್ಟುಲಾ ಮುಚ್ಚಿತು ಅಂತ ಅರ್ಥ, ಕೂಡಲೇ ಓಡಬೇಕು. ದಿನಾ ಎದ್ದ ತಕ್ಷಣ ಮುಟ್ಟಿ ನೋಡುತ್ತಾಳೆ. ರೈಲಿನಲ್ಲಿ ಅವತ್ತು ಕೆಳಗಿನ ಬರ್ತಿನಿಂದ ಕೈ ಚಾಚಿ “ನೋಡೇ, ಇದೆ” ಅಂದಳು. ನಾನೂ ಮುಟ್ಟಿದೆ.

ಕೈಯಲ್ಲಿ ಹೀಗೆ ದಾರಿ ಮಾಡುವುದು ಗೊತ್ತಾಗಿದ್ದೇ 1966ರಲ್ಲಿ. ಅದಕ್ಕೂ ಮುಂಚೆ, 1960ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ ಕ್ಲೈಡ್ ಶೀಲ್ಡ್ಸ್ ಅನ್ನುವವರಿಗೆ ಕೈಗೆ ಕೊಳವೆ ಕೂರಿಸಿ ಮತ್ತೆ ಮತ್ತೆ ಡಯಾಲಿಸಿಸ್ ಮಾಡಿದರು. ಅವರು ಇನ್ನೂ 11 ವರ್ಷ ಬದುಕಿದರು. ಇದನ್ನು ಓದಿ ಹೇಳಿದಾಗ ಗೆಳತಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅವರ ಫೋಟೋ ಇದ್ರೆ ತೋರಿಸೇ” ಅಂದಳು.

ಬೇರೆಯವರ ಕಿಡ್ನಿ ಕಸಿ ಯಾಕೆ ಮಾಡಿಸಿಲ್ಲ ಅಂತಲೂ ಕೇಳುತ್ತಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಕೊಡುವಂತಿಲ್ಲ. ಗಂಡನಿಗೂ ಆಗಲಿಲ್ಲ. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರಿದೆ, ಕಾಯುತ್ತಿದ್ದಾಳೆ. ಕಾಯುತ್ತಾ ರವಿಕೆ ಹೊಲಿಯುತ್ತಾಳೆ. ಡಯಾಲಿಸಿಸ್ ಬೆಡ್ಡಿನಲ್ಲಿ ಮಲಗಿ ಬಲಗೈಯಲ್ಲಿ ಫೋನ್ ಹಿಡಿದು ಗಿರಾಕಿಗಳಿಗೆ ಕುತ್ತಿಗೆಯ ಡಿಸೈನ್ ಕಳಿಸುತ್ತಾಳೆ. ಹೊಸಪೇಟೆಯಲ್ಲೂ ಅದನ್ನೇ ಮಾಡಿದಳು. ಪಕ್ಕದ ಬೆಡ್ಡಿನ ಅಜ್ಜಿಗೆ ಮೊಮ್ಮಗಳ ಲಂಗದ ಅಳತೆ ತೆಗೆಯುವುದು ಹೇಗೆ ಅಂತ ಹೇಳಿಕೊಟ್ಟಳು.

ಶುಕ್ರವಾರ ವಿರೂಪಾಕ್ಷ ದೇವಸ್ಥಾನದ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುವುದನ್ನು ನೋಡಿದೆವು. ಮತಂಗ ಬೆಟ್ಟ ಬೇಡ ಅಂತ ಅವಳೇ ಹೇಳಿದಳು. ರಕ್ತ ಕಮ್ಮಿ, ಅಷ್ಟು ಹತ್ತಿದರೆ ಏದುಸಿರು ಬರುತ್ತದೆ. ಹೇಮಕೂಟಕ್ಕೆ ಮಾತ್ರ ನಿಧಾನವಾಗಿ, ಐದಾರು ಕಡೆ ಕೂತು ಹತ್ತಿದೆವು. ನಾನು ಒಂದು ದೊಡ್ಡ ಬಾಟಲಿ ಖಾಲಿ ಮಾಡಿದ್ದೆ. ಅವಳು ಬಾಯಿಗೆ ನಿಂಬೆಹೋಳು ಒತ್ತಿಕೊಳ್ಳುತ್ತಾ ಬಂದಳು. ಸೂರ್ಯ ಮುಳುಗುವ ತನಕ ಬಂಡೆ ಮೇಲೆ ಕೂತೆವು. ಇಬ್ಬರೂ ಮಾತಾಡಲಿಲ್ಲ.

ಕತ್ತಲಾಗುತ್ತಾ ಬಂದಾಗ ತನ್ನ ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದಳು. ತಳದಲ್ಲಿ ಇನ್ನೂ ಒಂದು ಲೋಟದಷ್ಟು ಇತ್ತು.

“ಏಳೇ. ಕೆಳಗೆ ಹೋಗಿ ಕಾಫಿ ಕುಡಿಯೋಣ. ಬೆಳಗ್ಗೆಯಿಂದ ಉಳಿಸಿದೀನಿ.”