ಒಂದೇ ಸಲ ಹತ್ತು ಗಂಟೆ ಕೂರಿಸಿದರೆ ಆಗಲ್ವಾ?

ಹಾಸನ
7 ಡಿಸೆಂಬರ್ 2024, ಶನಿವಾರ

ಬೆಳಿಗ್ಗೆ ಹತ್ತೂವರೆಗೆ ದೊಡ್ಡಪ್ಪ, ದೊಡ್ಡಮ್ಮ ಸಕಲೇಶಪುರದ ಬಸ್ಸಿಳಿದು ನೇರ ನಮ್ಮ ಕ್ಲಿನಿಕ್ಕಿಗೇ ಬಂದರು. ದೊಡ್ಡಪ್ಪನ ಬಲಗಾಲಿನ ಹೆಬ್ಬೆರಳ ಕೆಳಗಿನ ಗಾಯ ಆರು ತಿಂಗಳಾದರೂ ಮಾಯ್ದಿಲ್ಲ. ಸಕ್ಕರೆ ಕಾಯಿಲೆಯ ಗಾಯ. ಬೆಂಗಳೂರಿನ ಡಾಕ್ಟರು ಹೈಪರ್‌ಬೇರಿಕ್ ಆಕ್ಸಿಜನ್ ಕೊಡೋಣ ಅಂದಿದ್ದಾರೆ. ಗಾಳಿಯ ಒತ್ತಡ ಏರಿಸಿದ ಕೋಣೆಯಲ್ಲಿ ಕೂರಿಸಿ ಶುದ್ಧ ಆಕ್ಸಿಜನ್ ಉಸಿರಾಡಿಸುತ್ತಾರೆ. ಆಗ ರಕ್ತದ ನೀರಿನಂಶದಲ್ಲೇ ಆಕ್ಸಿಜನ್ ಜಾಸ್ತಿ ಕರಗಿ, ರಕ್ತ ಸರಿಯಾಗಿ ಹೋಗದ ಗಾಯದ ಜಾಗಕ್ಕೂ ಮುಟ್ಟುತ್ತದೆ. ದಿನಕ್ಕೆ 90 ನಿಮಿಷ, ಒಟ್ಟು 30 ದಿನ. ಮೊದಲು ಶ್ವಾಸಕೋಶದ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರಂತೆ. ಆ ಪರೀಕ್ಷೆ ಮಾಡುವುದೇ ನನ್ನ ಕೆಲಸ.

ಮೂಗಿಗೆ ಕ್ಲಿಪ್ ಹಾಕಿದೆ. ಬಾಯಿಗೆ ರಟ್ಟಿನ ಕೊಳವೆ ಕೊಟ್ಟೆ. 'ತುಂಬಾ ಒಳಗೆ ಎಳ್ಕೊಳ್ಳಿ ದೊಡ್ಡಪ್ಪಾ, ಇನ್ನೂ, ಇನ್ನೂ... ಈಗ ಊದಿ! ಊದಿ, ಊದಿ, ಊದಿ, ಬಿಡಬೇಡಿ!' ಮೊದಲ ಸಲ ಅರ್ಧಕ್ಕೇ ಕೆಮ್ಮಿಬಿಟ್ಟರು. ಎರಡನೇ ಸಲ ತುಟಿ ಸಡಿಲವಾಗಿ ಪಕ್ಕದಿಂದ ಗಾಳಿ ಸೋರಿತು. ಮೂರನೇ ಸಲಕ್ಕೆ ಕುತ್ತಿಗೆಯ ನರ ಉಬ್ಬುವಷ್ಟು ಊದಿದರು. ಪರದೆ ಮೇಲೆ ಗೆರೆ ಚೂಪಾಗಿ ಮೇಲೆದ್ದು, ನಿಧಾನಕ್ಕೆ ಇಳಿಯುತ್ತಾ ಬಂತು. ಸರಿಯಾದ ಗೆರೆ ಅದು. ಮತ್ತೆರಡು ಸಲವೂ ಹೆಚ್ಚುಕಮ್ಮಿ ಅದೇ ಬಂತು. ಪೂರ್ತಿ ಎಳೆದು ಪೂರ್ತಿ ಬಿಟ್ಟ ಗಾಳಿ 2.98 ಲೀಟರ್. 66 ವರ್ಷದ, ಬೀಡಿ ಮುಟ್ಟದ ಸಣ್ಣ ಆಳಿಗೆ ಚೆನ್ನಾಗಿಯೇ ಇದೆ.

ಕ್ಲಿಪ್ ತೆಗೆಯುತ್ತಿದ್ದ ಹಾಗೇ ಕೇಳಿದರು. 'ಅಲ್ಲ ಪುಟ್ಟೀ, ಆಕ್ಸಿಜನ್ ಒಳ್ಳೇದೇ ತಾನೇ? ದಿನಾ ಒಂದೂವರೆ ಗಂಟೆ ಅಂತ ಮೂವತ್ತು ದಿನ ಯಾಕೆ? ಒಟ್ಟು ನಲವತ್ತೈದು ಗಂಟೆ. ದಿನಕ್ಕೆ ಹತ್ತು ಗಂಟೆ ಕೂರಿಸಿದ್ರೆ ಐದು ದಿನಕ್ಕೆ ಮುಗೀತು. ಕಾಫಿ ಹಣ್ಣು ಕೊಯ್ಲು ಶುರುವಾಗಿದೆ, ಕಣ ನೋಡೋರ್ಯಾರು?'

ಎಷ್ಟು ಸರಿಯಾದ ಪ್ರಶ್ನೆ! ಗೋಡೆಯ ಕ್ಯಾಲೆಂಡರಿನಿಂದ ನವೆಂಬರ್ ಹಾಳೆ ಹರಿದು, ಹಿಂದುಗಡೆ ಬರೆಯುತ್ತಾ ಹೇಳಿದೆ.

ಹಾಸನ ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿನ ಹತ್ತಿರ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು. ಅದರಲ್ಲೂ ಆಕ್ಸಿಜನ್ 21% ಅಷ್ಟೇ. ಆ ಕೋಣೆಯಲ್ಲಿ ಸಮುದ್ರಮಟ್ಟದ ಎರಡರಷ್ಟು ಒತ್ತಡ ಅಂತ ಇಟ್ಟುಕೊಳ್ಳಿ, ಉಸಿರಾಡುವುದು ಬರೀ ಆಕ್ಸಿಜನ್. ಅಂದರೆ ಶ್ವಾಸಕೋಶಕ್ಕೆ ಇಲ್ಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಹೊತ್ತು ಹೆಚ್ಚಾದರೆ ಒಳಗಿನ ಪೊರೆಗೇ ಏಟು. ಆಕ್ಸಿಜನ್ನಿಂದ ಹುಟ್ಟುವ ಚುರುಕಾದ ಕಣಗಳು ಗಾಳಿಗೂಡುಗಳ ತೆಳು ಗೋಡೆಯನ್ನು, ಅದಕ್ಕೆ ಅಂಟಿಕೊಂಡ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ನೀರು ಒಸರುತ್ತದೆ, ಊತ ಬರುತ್ತದೆ. ಮೊದಲು ಗಂಟಲಲ್ಲಿ ಕೆರೆತ, ಆಮೇಲೆ ಕೆಮ್ಮು, ಆಮೇಲೆ ಉಸಿರು ಆಳವಾಗಿ ಎಳೆದರೆ ಎದೆಮೂಳೆಯ ಹಿಂದೆ ಉರಿ. ದೊಡ್ಡಪ್ಪ ಈಗ ಎಳೆದ ಹಾಗೆ ಪೂರ್ತಿ ಉಸಿರು ಎಳೆಯಲು ಆಗುವುದಿಲ್ಲ.

ಇದು ಇವತ್ತು ನಿನ್ನೆ ಗೊತ್ತಾದದ್ದಲ್ಲ. ಒತ್ತಡದ ಆಕ್ಸಿಜನ್ನಿಂದ ಫಿಟ್ಸ್ ಬರುತ್ತದೆ ಅಂತ ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲೇ ಬರೆದಿದ್ದರು. ಶ್ವಾಸಕೋಶಕ್ಕೇ ಊತ ಬರುತ್ತದೆ ಅಂತ 1899ರಲ್ಲಿ ತೋರಿಸಿದವರು ಜೇಮ್ಸ್ ಲೊರೇನ್ ಸ್ಮಿತ್. ಮನುಷ್ಯರ ವಿಷಯಕ್ಕೆ ಬಂದರೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಲಾರ್ಕ್ ಮತ್ತು ಲ್ಯಾಂಬರ್ಟ್‌ಸೆನ್ ಅವರ ಕೆಲಸವೇ ನನಗೆ ದೊಡ್ಡದು. ಗಟ್ಟಿಮುಟ್ಟಾದ ಗಂಡಸರು ಎರಡು ಅಟ್ಮಾಸ್ಫಿಯರ್, ಅಂದರೆ ಸಮುದ್ರಮಟ್ಟದ ಎರಡರಷ್ಟು ಒತ್ತಡದಲ್ಲಿ 6ರಿಂದ 11 ಗಂಟೆ ಆಕ್ಸಿಜನ್ ಉಸಿರಾಡಿದರು. ಅದರ ಫಲಿತಾಂಶ 1971ರಲ್ಲಿ ಬಂತು. ಅವರು ಅಳೆದದ್ದು ಏನನ್ನು ಗೊತ್ತಾ? ನಾನು ದಿನಾ ಅಳೆಯುವುದನ್ನೇ. ಪೂರ್ತಿ ಎಳೆದುಕೊಂಡು ಪೂರ್ತಿ ಬಿಡುವ ಗಾಳಿ, ವೈಟಲ್ ಕೆಪಾಸಿಟಿ. ಹೆಚ್ಚಿನವರಲ್ಲಿ ಅದು ಇಳಿದಿತ್ತು. ಆ ಜನ ತಮ್ಮ ಎದೆಯಲ್ಲಿ ಉರಿ ತಡೆದುಕೊಂಡು ಊದಿಕೊಟ್ಟ ಅಂಕಿಗಳು ಅವು. ಅವರ ಮೇಲೆ ನನಗೆ ನಿಜವಾಗಿ ಗೌರವ ಇದೆ.

ಲ್ಯಾಂಬರ್ಟ್‌ಸೆನ್ ತಂಡದ ಒಂದು ಲೆಕ್ಕವೂ ಇದೆ. ಒಂದು ಅಟ್ಮಾಸ್ಫಿಯರಿನಲ್ಲಿ ಒಂದು ನಿಮಿಷ ಶುದ್ಧ ಆಕ್ಸಿಜನ್ ಅಂದರೆ ಒಂದು ಯೂನಿಟ್. ಎರಡು ಅಟ್ಮಾಸ್ಫಿಯರಿನಲ್ಲಿ ನಿಮಿಷಕ್ಕೆ ಸುಮಾರು ಎರಡೂವರೆ ಯೂನಿಟ್. ಒತ್ತಡ ಎರಡರಷ್ಟಾದರೆ ಪೆಟ್ಟು ಎರಡೂವರೆಯಷ್ಟು! 615 ಯೂನಿಟ್ಟಿಗೆ ವೈಟಲ್ ಕೆಪಾಸಿಟಿ 2% ಇಳಿಯುತ್ತದೆ, 1425ಕ್ಕೆ 10%. ಇದು ಮಧ್ಯಮ ಅಂದಾಜು, ಒಬ್ಬೊಬ್ಬರಿಗೆ ಒಂದೊಂದು ಥರ.

ಹಾಳೆಯ ಮೇಲೆ ಎರಡು ಸಾಲು ಬರೆದೆ. 90 ನಿಮಿಷ: 225. ಹತ್ತು ಗಂಟೆ: 1500.

'ನಿಮ್ಮ 2.98ರಲ್ಲಿ ಹತ್ತು ಪರ್ಸೆಂಟು ಅಂದ್ರೆ ಹತ್ತಿರ ಮುನ್ನೂರು ಮಿಲಿ ದೊಡ್ಡಪ್ಪಾ. ಅಷ್ಟು ಗಾಳಿ ಒಂದೇ ದಿನದಲ್ಲಿ ಕಡಿಮೆ. ಮಾರನೇ ದಿನ ಮತ್ತೆ ಹತ್ತು ಗಂಟೆ ಕೂರ್ತೀರಾ?' ಮುನ್ನೂರು ಮಿಲಿ ಅಂದರೆ ಎಷ್ಟು ಅಂತ ಮೇಜಿನ ಮೇಲಿದ್ದ ಎರಡು ಕಾಫಿ ಲೋಟಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದೆ. ಹೊರಗೆ ಬಂದು ಮಾಮೂಲಿ ಗಾಳಿ ಉಸಿರಾಡಿದರೆ ಬಹಳಷ್ಟು ಸುಧಾರಿಸುತ್ತದೆ, ನಿಜ. ಅದಕ್ಕೆ ಕೆಲವರಿಗೆ ಗಂಟೆಗಳು ಸಾಕು, ಕೆಲವರಿಗೆ ದಿನಗಳೇ ಬೇಕು.

ದೊಡ್ಡಪ್ಪ ಸ್ವಲ್ಪ ಹೊತ್ತು ಹಾಳೆ ನೋಡಿದರು. ಆಮೇಲೆ, 'ಪಾರ್ಚ್‌ಮೆಂಟ್ ಒಣಗಿಸಿದ ಹಾಗೆ ಅನ್ನು' ಅಂದರು. ಹಣ್ಣಿನ ಸಿಪ್ಪೆ ತೆಗೆದು, ಒಳಸಿಪ್ಪೆ ಉಳಿಸಿದ ಕಾಫಿ ಬೀಜ ಅದು. 'ಅರ್ಜೆಂಟು ಅಂತ ಉರಿಬಿಸಿಲಿಗೆ ಬಿಟ್ರೆ ಸಿಪ್ಪೆ ಸೀಳುತ್ತೆ. ಮಧ್ಯಾಹ್ನ ಮುಚ್ಚಬೇಕು, ಗಂಟೆಗೊಂದು ಸಲ ಕೈಯಾಡಿಸಬೇಕು.'

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಮಧ್ಯಾಹ್ನ ಮುಚ್ಚುವ ಹಾಗೆ ಅಲ್ಲೂ ಬಿಡುವು ಕೊಡುತ್ತಾರೆ. 20-30 ನಿಮಿಷಕ್ಕೊಮ್ಮೆ ಮಾಸ್ಕ್ ತೆಗೆಸಿ ಐದು ನಿಮಿಷ ಬರೀ ಗಾಳಿ. ಇಪ್ಪತ್ತು ನಿಮಿಷ ಆಕ್ಸಿಜನ್, ಐದು ನಿಮಿಷ ಗಾಳಿ ಅಂತ ಕೊಟ್ಟು ನೋಡಿದಾಗ ಶ್ವಾಸಕೋಶ ಸುಮಾರು ಎರಡು ಪಟ್ಟು ಹೊತ್ತು ತಡೆದುಕೊಂಡಿತು. ಐದೇ ನಿಮಿಷ! 'ಆ ಐದು ನಿಮಿಷ ಸುಮ್ನೆ ಕೂರೋದು ಬೇಜಾರು ಅಂತ ಮಾಸ್ಕ್ ಮತ್ತೆ ಹಾಕ್ಕೋಬೇಡಿ' ಅಂತ ಎರಡು ಸಲ ಹೇಳಿದೆ.

ಎರಡು ಸಲ ಹೇಳಿದ್ದಕ್ಕೆ ಕಾರಣ ಇದೆ. 2021ರಲ್ಲಿ, ಆಗ ನಾನಿದ್ದ ಆಸ್ಪತ್ರೆಯಲ್ಲಿ, ಬೀಡಿಯಿಂದ ಶ್ವಾಸಕೋಶ ಹಾಳಾಗಿದ್ದ ಅಜ್ಜರೊಬ್ಬರಿದ್ದರು. ಅಂಥವರಿಗೆ ರಕ್ತದ ಆಕ್ಸಿಜನ್ ಮಟ್ಟ 88ರಿಂದ 92%ರ ಒಳಗೆ ಇದ್ದರೆ ಸಾಕು. ರಾತ್ರಿ ಅವರ ಮಗ ಪ್ರೀತಿಯಿಂದಲೇ ಆಕ್ಸಿಜನ್ ಜಾಸ್ತಿ ತಿರುಗಿಸಿದ್ದ. ಬೆಳಿಗ್ಗೆ ಅಜ್ಜರಿಗೆ ಎಚ್ಚರವೇ ಆಗುತ್ತಿಲ್ಲ, ಇಂಗಾಲದ ಡೈಆಕ್ಸೈಡ್ ಏರಿಬಿಟ್ಟಿತ್ತು. ಇದು ಒತ್ತಡದ ಆಕ್ಸಿಜನ್ನಿನ ತೊಂದರೆಯಲ್ಲ, ಬೇರೆಯದೇ. ಪುಣ್ಯಕ್ಕೆ ಅಜ್ಜ ಉಳಿದುಕೊಂಡರು. ಆದರೆ ಆ ಹುಡುಗನಿಗೆ ನಮ್ಮಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅದು ನನಗೆ ಈಗಲೂ ನೋವು.

ಊಟಕ್ಕೆ ಮನೆಗೆ ಕರೆದುಕೊಂಡು ಬಂದೆ. ಆ ಕೋಣೆಗೆ ಹೋಗುವ ದಿನ ತಲೆಗೆ ಎಣ್ಣೆ ಬೇಡ, ಹತ್ತಿ ಬಟ್ಟೆಯೇ ಬೇಕು ಅಂತ ದೊಡ್ಡಮ್ಮನಿಗೆ ಹೇಳಿದೆ. ಅಷ್ಟು ಆಕ್ಸಿಜನ್ ಇರುವ ಕಡೆ ಒಂದು ಕಿಡಿ ಸಾಕು. ಕೊಬ್ಬರಿ ಎಣ್ಣೆ ಇಲ್ಲದೆ ಒಂದು ದಿನ ಕಳೆದವರಲ್ಲ ದೊಡ್ಡಪ್ಪ. ದೊಡ್ಡಮ್ಮ ಬಾಟಲಿ ಮನೆಯಲ್ಲೇ ಬಿಡ್ತೀನಿ ಅಂದರು.

ನಾಲ್ಕು ಗಂಟೆ ಬಸ್ಸಿಗೆ ಹತ್ತಿಸಿದೆ. ಕ್ಯಾಲೆಂಡರ್ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡಿದ್ದಾರೆ. ಅದರ ಕೆಳಗೆ ಅಲ್ಲಿ ಕೇಳಬೇಕಾದ ಮೂರು ಪ್ರಶ್ನೆ ಬರೆದುಕೊಟ್ಟಿದ್ದೇನೆ. ಒತ್ತಡ ಎಷ್ಟು ಇಡುತ್ತೀರಿ? ಎಷ್ಟು ನಿಮಿಷಕ್ಕೆ ಬಿಡುವು? ಕೆಮ್ಮು, ಎದೆ ಉರಿ ಬಂದರೆ ಒಳಗಿಂದ ಯಾರಿಗೆ ಹೇಳಬೇಕು? ಮೂವತ್ತು ದಿನ ಮಗಳ ಮನೆಯಲ್ಲಿ ಇರಲು ಒಪ್ಪಿದ್ದಾರೆ. ಕಣ ನೋಡಿಕೊಳ್ಳಲು ಚಿಕ್ಕಪ್ಪನಿಗೆ ಫೋನ್ ಮಾಡಿದ್ದೂ ಆಯಿತು.

2.98. ಇಲ್ಲೂ ಬರೆದಿಟ್ಟಿದ್ದೇನೆ. ಜನವರಿಯಲ್ಲಿ ವಾಪಸ್ ಬಂದಾಗ ಇದೇ ಮೆಷಿನ್ನಿನಲ್ಲಿ ಮತ್ತೆ ಊದಿಸಬೇಕು.